ಮುಟ್ಟದ ಮೂರು ದಿನ

"ಏಯ್ ಭೋಸಡಿ, ಅದು ಸೀರಿ ಸೆರಗಲ್ಲ, ಕೋಟು! ಗುಂಡಿ ಹಾಕ್ಕೊ. ಹಲ್ಲು ಕಿಸೀಬ್ಯಾಡ. ಸಿಸ್ಟರ್ ಆದಾಕಿ ಹಿಂಗ ನಿಲ್ತಾಳೇನು?"

ಮ್ಯಾನೇಜರ್ ಕಲ್ಯಾಣಪ್ಪ ನನ್ನ ಎದೆಯ ಮೇಲೆ ಹೆಸರಿನ ಬಿಲ್ಲೆ ಸಿಕ್ಕಿಸುತ್ತಿದ್ದ. ಸಿಕ್ಕಿಸುವಾಗ ಅವನ ಬೆರಳು ತಾಗಬಾರದ ಕಡೆ ತಾಗಿದವು. ತಾಗಿದ್ದು ಅವನಿಗೂ ಗೊತ್ತು, ನನಗೂ ಗೊತ್ತು. ಬಿಲ್ಲೆಯ ಮೇಲೆ ಭಾಗ್ಯಶ್ರೀ ಅಂತ ಇತ್ತು. ಭಾಗ್ಯಶ್ರೀ ಖರೇ ನರ್ಸು. ಎರಡು ವರ್ಷದ ಹಿಂದೆಯೇ ಕೆಲಸ ಬಿಟ್ಟು ಹೋದಳು. ಅವಳ ಸರ್ಟಿಫಿಕೇಟಿನ ಝೆರಾಕ್ಸ್ ಮಾತ್ರ ಇನ್ನೂ ಗೋಡೆಯ ಮೇಲೆ ಡ್ಯೂಟಿ ಮಾಡುತ್ತಿದೆ.

ನಾನು ಶಿವದೇವಿ. ಯಾದಗಿರಿ ಕಡೆಯವಳು. ಕಟ್ಟಡದ ಕೆಲಸಕ್ಕೆ ಗಂಡನ ಜೊತೆ ಹೈದರಾಬಾದಿಗೆ ಬಂದವಳು, ಈಗ ತಾರ್ನಾಕದ ಈ ನರ್ಸಿಂಗ್ ಹೋಮಿನಲ್ಲಿ ಆಯಾ. ಹಾಸಿಗೆ ಹಿಡಿದ ಇಪ್ಪತ್ತೆರಡು ಮುದುಕ ಮುದುಕಿಯರ ಹೇಲು ಉಚ್ಚೆ ಬಳಿಯುವುದು, ಮೈ ಒರೆಸುವುದು, ಬೆನ್ನು ಹುಣ್ಣಾಗದ ಹಾಗೆ ಎರಡು ತಾಸಿಗೊಮ್ಮೆ ಮಗ್ಗಲು ಹೊಳ್ಳಿಸುವುದು, ಇಷ್ಟೂ ನಾನು ಮತ್ತು ಹುಸೇನಮ್ಮ ಮಾಡಬೇಕು. ಮೂರನೆಯವರು ಯಾರೂ ಇಲ್ಲ.

ಅವತ್ತು ಸರಕಾರಿ ಆಫೀಸಿನಿಂದ ತಪಾಸಣೆಗೆ ಒಬ್ಬ ಮೇಡಂ ಬರುವವಳಿದ್ದಳು. ಮುಂಜಾನೆಯಿಂದ ಫಿನೈಲು ಸುರಿದದ್ದೇ ಸುರಿದದ್ದು, ಊದಿನಕಡ್ಡಿ ಹಚ್ಚಿದ್ದೇ ಹಚ್ಚಿದ್ದು. ಹಾಸಿಗೆಗೆಲ್ಲಾ ಹೊಸ ಚಾದರ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗೆ. ಮಗ್ಗಲು ಹೊಳ್ಳಿಸಿದ ಲೆಕ್ಕಕ್ಕೆ ಹಾಸಿಗೆಗೊಂದು ಚಾರ್ಟ್ ಇರುತ್ತದೆ. ಕಲ್ಯಾಣಪ್ಪ ಚಹಾ ಕುಡಿಯುತ್ತ ಇಡೀ ತಿಂಗಳ ಟಿಕ್ಕುಗಳನ್ನು ಒಂದೇ ಏಟಿಗೆ ಹಾಕಿ ಮುಗಿಸಿದ್ದ.

"ಆ ಕೋಠಿ ಮುದುಕಿ ಕಡೆ ಮೇಡಂನ್ನ ಭಾಳೊತ್ತು ನಿಲ್ಲಿಸಬ್ಯಾಡ," ಅಂದ. "ಮುದುಕಿಗಿ ಕನ್ನಡ ಬಿಟ್ಟು ಬ್ಯಾರೆ ಬರಲ್ಲ. ಮೇಡಂ ಕೇಳಿದ್ರ ನೀನೇ ತೆಲುಗಿನ್ಯಾಗ ಹೇಳಬೇಕು. ಮುದುಕಿ ಏನರೆ ಒದರಲಿ, ನೀ ಮಾತ್ರ ಎಲ್ಲಾ ಚಲೋ ಅದ ಅನ್ನು. ತಿಳೀತಾ?"

"ಆಕಿ ಬೆನ್ನಾಗ ಹುಣ್ಣು ಐತಲ್ರಿ. ಎಲುಬು ಕಾಣಾಕತ್ತೈತಿ. ದೊಡ್ಡ ದವಾಖಾನಿಗೆ ಒಯ್ಯದಿದ್ರ ಸಾಯ್ತಾಳ್ರಿ. ಮೇಡಂ ಒಂದು ಮಾತು ಹೇಳಿದ್ರ..."

"ಹುಣ್ಣು ಮಾಡಿದಾಕಿ ಯಾರು? ನಾನಾ?" ಕಲ್ಯಾಣಪ್ಪ ದನಿ ಇಳಿಸಿದ. ದನಿ ಇಳಿಸಿದಾಗಲೇ ಅವನು ಹೆಚ್ಚು ಕೆಟ್ಟವನು. "ಬಾಯಿ ಬಿಟ್ಟಿ ಅಂದ್ರ ಮೊದ್ಲು ನಿನ್ನ ಪೊಲೀಸರ ಕೈಯಾಗ ಕೊಡ್ತೀನಿ, ಮಗಳ."

ನಾನು ಕೋಟಿನ ಗುಂಡಿ ಹಾಕಿಕೊಂಡೆ. ಯಾಕೆಂದರೆ ಅವನು ಎಷ್ಟೇ ಹಲ್ಕಟ್ ಇರಲಿ, ಆ ಮಾತು ಮಾತ್ರ ಖರೇ ಇತ್ತು. ಹುಣ್ಣು ಮಾಡಿದವಳು ನಾನೇ.

ಆ ಮುದುಕಿ ಗಿರಿಜಾಬಾಯಿ, ಬೀದರ ಕಡೆಯ ದೊಡ್ಡ ಮನೆತನದಾಕಿ. ಹೈದರಾಬಾದಿನ ಕೋಠಿ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟವರ ಹೆಂಡತಿ. ನಲವತ್ತು ವರ್ಷ ಅದೇ ಅಂಗಡಿಯ ಗಲ್ಲೆಯ ಮೇಲೆ ಕೂತು ತೆಲುಗು, ಹಿಂದಿ ಎರಡೂ ಪಟಪಟ ಮಾತಾಡಿದಾಕಿ. ಲಕ್ವಾ ಹೊಡೆದ ಮೇಲೆ ಬಲಗಡೆ ಮೈ ಬಿದ್ದುಹೋಯಿತು, ಕಲಿತ ಭಾಷೆಗಳೂ ನಾಲಿಗೆಯಿಂದ ಬಿದ್ದುಹೋದವು. ಹುಟ್ಟಿದ ಊರಿನ ಕನ್ನಡವೊಂದೇ ಉಳಿಯಿತು. ಮಗ ರಾಹುಲ ತಿಂಗಳಿಗೊಂದು ಭಾನುವಾರ ಬರುತ್ತಾನೆ, ಮೂಗಿಗೆ ಕರ್ಚೀಫು ಹಿಡಿದು ಬಾಗಿಲಲ್ಲೇ ನಿಂತು "ಉಂಡೇನವ್ವಾ?" ಅಂತಾನೆ, ಹೋಗುತ್ತಾನೆ.

ಬಂದ ದಿನವೇ ಮುದುಕಿ ನಮ್ಮಿಬ್ಬರನ್ನೂ ಕೇಳಿದಳು. "ನಿಮ್ಮದು ಯಾವ ಪೈಕಿ?"

ಹುಸೇನಮ್ಮ ಜಾಣೆ. ಪೀರ ದೇವರಿಗೆ ಹರಕೆ ಹೊತ್ತು ಇಟ್ಟ ಹೆಸರು ಅವಳದು, ಜಾತಿಯಲ್ಲಿ ಅವಳೂ ನಮ್ಮ ಪೈಕಿಯೇ. "ಕುರುಬರ ಪೈಕಿ ರೀ ಅಮ್ಮಾರ" ಅಂತ ಕಣ್ಣು ಮಿಟುಕಿಸದೆ ಹೇಳಿಬಿಟ್ಟಳು. ಆಮೇಲೆ ನನ್ನ ತೊಡೆ ಚಿವುಟಿ, "ನೀನೂ ಏನರೆ ಒಂದು ಹೇಳ, ನಾಲಿಗಿಗೇನು ಎಲುಬು ಐತೇನು?" ಅಂತ ಪಿಸುಗುಟ್ಟಿದಳು. ನನಗೆ ಸೊಕ್ಕು. ನಮ್ಮಪ್ಪನ ಜಾತಿಯನ್ನು ನಾನ್ಯಾಕೆ ಮುಚ್ಚಿಡಲಿ? ಇದ್ದದ್ದು ಇದ್ದ ಹಾಗೆ ಹೇಳಿದೆ. ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಏಳಲಾಗದ ಮುದುಕಿ ಎಡಗಾಲನ್ನು ಮಾತ್ರ ಸರಕ್ಕನೆ ಎಳೆದುಕೊಂಡಳು. "ಹಂಗಾದ್ರ ನೀ ದೂರ ಇರವಾ. ಆಕಿ ಮಾಡ್ಲಿ ನಂದು."

ಅವತ್ತಿನಿಂದ ಹುಸೇನಮ್ಮನೇ ಅವಳ ಚಾಕರಿ ಮಾಡಿದಳು. ಒಬ್ಬಳೇ ಚಾದರ ಜಗ್ಗಿ ಹೊಳ್ಳಿಸುತ್ತಿದ್ದಳು. ನಾನು ಬಾಗಿಲಲ್ಲಿ ಬಕೆಟ್ ಇಟ್ಟು ಬರುತ್ತಿದ್ದೆ. ನಾನಿಟ್ಟ ಬಕೆಟ್ಟಿನ ನೀರು ನಡೆಯುತ್ತಿತ್ತು, ಕೈ ನಡೆಯುತ್ತಿರಲಿಲ್ಲ.

ಮೊಹರಂಗೆ ಹುಸೇನಮ್ಮ ಮೂರು ದಿನ ರಜೆ ಹಾಕಿ ಊರಿಗೆ ಹೋದಳು. ಇಪ್ಪತ್ತೆರಡು ಹಾಸಿಗೆಗೆ ನಾನೊಬ್ಬಳೇ. ಮೊದಲ ದಿನ ಮುದುಕಿಯನ್ನು ಹೊಳ್ಳಿಸಲು ಕೈ ಹಾಕಿದೆ. ಎಡಗೈಯಿಂದ ಚಟಾರನೆ ಹೊಡೆದಳು.

"ಮುಟ್ಟಬ್ಯಾಡ ಹೊಲೇರಾಕಿ! ಆಕಿ ಬರೂತನಕ ಹಿಂಗೇ ಮಲಗ್ತೀನಿ."

"ಮಲಗ್ರಿ ಹಂಗಾದ್ರ. ನಂದೇನು ಗಂಟು ಹೋಗ್ತೈತಿ?"

ಎರಡು ಗ್ಲೌಸ್ ಏರಿಸಿಕೊಂಡು, ಕಾಲೆತ್ತಿ, ಡೈಪರ್ ಮಾತ್ರ ಎಳೆದು ಬದಲಿಸಿದೆ. ಮಗ್ಗಲು ಹೊಳ್ಳಿಸಲಿಲ್ಲ. ಮುಟ್ಟಬೇಡ ಅಂದಳು, ಮುಟ್ಟಲಿಲ್ಲ. ಮರುದಿನವೂ ಅಷ್ಟೇ.

ಎರಡನೆಯ ದಿನ ಸಂಜೆ ನಾನು ಪಕ್ಕದ ಹಾಸಿಗೆ ಒರೆಸುತ್ತಿದ್ದಾಗ ಮುದುಕಿ ಮೆಲ್ಲಗೆ ಕರೆದಳು. "ಹುಡುಗೀ... ಬೆನ್ನು ಉರೀಲಿಕತ್ತದ. ಹೊಳ್ಳಿಸು."

ನನಗೆ ಕೇಳಿಸಿತು. ಚೆನ್ನಾಗಿ ಕೇಳಿಸಿತು. ಹತ್ತಿರ ಹೋಗಿ ನಿಂತೆ. "ಹುಸೇನಮ್ಮ ನಾಡದು ಬರ್ತಾಳ್ರಿ ಅಮ್ಮಾರ. ಹೊಲೇರಾಕಿ ಹೆಂಗ ಮುಟ್ಟಬೇಕ್ರಿ ನಿಮ್ಮನ್ನ?" ಅಂದೆ. ಅನ್ನುವಾಗ ನನಗೆ ಖುಷಿ ಆಗಿತ್ತು. ಸುಳ್ಳು ಯಾಕೆ ಹೇಳಲಿ? ನಮ್ಮವ್ವ, ನಮ್ಮಜ್ಜಿ ಎಲ್ಲರ ಪರವಾಗಿ ಒಂದು ಏಟು ತಿರುಗಿ ಕೊಟ್ಟೆ ಅನ್ನಿಸಿತ್ತು. ಮರುದಿನ ಇಡೀ ದಿನ ಮುದುಕಿ ನರಳಿದಳು, ನಾನು ಆ ಕಡೆ ಹೋಗಲೇ ಇಲ್ಲ. ಮೊದಲ ಎರಡು ದಿನ ಅವಳವು ಅಂತಲೇ ಇಟ್ಟುಕೊಳ್ಳಿ. ಮೂರನೆಯ ದಿನ ನನ್ನದು.

ನಾಲ್ಕನೆಯ ದಿನ ಹುಸೇನಮ್ಮ ಬಂದು ಹೊಳ್ಳಿಸಿದವಳೇ "ಅಯ್ಯಯ್ಯವ್ವಾ!" ಅಂತ ಚೀರಿದಳು. ಟೊಂಕದ ಕೆಳಗೆ ಅಂಗೈಯಗಲ ತೊಗಲು ಕಪ್ಪಗಾಗಿ ಚಾದರಕ್ಕೆ ಅಂಟಿತ್ತು. ಕಲ್ಯಾಣಪ್ಪ ನೋಡಿ, ಪುಡಿ ಉದುರಿಸಿ ಬ್ಯಾಂಡೇಜು ಹಚ್ಚಿ ಅಂದ. ಮಗನಿಗೆ ಹೇಳಬೇಡಿ ಅಂದ. ಇಪ್ಪತ್ತು ದಿನದಲ್ಲಿ ಅದು ಒಳಗೊಳಗೇ ತಿನ್ನುತ್ತ ಎಲುಬಿಗೆ ಬಂತು. ನಾನು ಅನ್ನ ಕಲಿಸಿಕೊಂಡರೆ ಆ ವಾಸನೆ. ಗಂಡನ ಪಕ್ಕ ಮಲಗಿದರೆ ಆ ವಾಸನೆ. "ನಿನ್ನ ಮೈಯಾಗ ಏನೂ ಇಲ್ಲ, ಹುಚ್ಚಿ" ಅಂತ ಅವನು ಬೈದ.

ಮೇಡಂ ಹನ್ನೊಂದು ಗಂಟೆಗೆ ಬಂದಳು. ಕೆಟ್ಟವಳೇನೂ ಅಲ್ಲ. ಬೆವರು ಒರೆಸಿಕೊಳ್ಳುತ್ತ, ಇನ್ನೂ ನಾಲ್ಕು ಕಡೆ ಹೋಗಬೇಕು ಅನ್ನುತ್ತ, ಕೈಯಲ್ಲಿನ ಹಾಳೆ ನೋಡಿ ಒಂದೊಂದೇ ಕೇಳಿದಳು. ಬೆಂಕಿ ಆರಿಸುವ ಸಿಲಿಂಡರ್ ಇದೆಯಾ? ಟಿಕ್. ಕುಡಿಯುವ ನೀರು? ಟಿಕ್. ನರ್ಸು? ಕಲ್ಯಾಣಪ್ಪ ನನ್ನ ಕಡೆ ಕೈ ಮಾಡಿದ. ಟಿಕ್. ಕಳ್ಳನ ಮನಸ್ಸು ಹುಳ್ಳುಳ್ಳಗೆ, ನಾನು ಬಿಲ್ಲೆಯ ಮೇಲೆ ಕೈ ಇಟ್ಟುಕೊಂಡೇ ಅವಳ ಹಿಂದೆ ನಡೆದೆ.

ಗಿರಿಜಾಬಾಯಿಯ ಹಾಸಿಗೆಯ ಹತ್ತಿರ ಮೇಡಂ ನಿಂತಳು. "ನೊಪ್ಪಿ ಉಂದಾ ಅಮ್ಮಾ?" ನೋವಿದೆಯಾ ಅಂತ.

ಮುದುಕಿ ಮೇಡಂನ ಮುಖ ನೋಡಿದಳು, ಆಮೇಲೆ ನನ್ನ ಮುಖ. ನಾಲಿಗೆ ತೊದಲಿದರೂ ಒಂದೊಂದು ಮಾತೂ ಬಿಡಿಬಿಡಿಯಾಗಿ ಬಂತು. "ಬೆನ್ನು ಕೊಳತದರಿ. ನಾನೇ ಮುಟ್ಟಬ್ಯಾಡ ಅಂದೆ, ಖರೇ. ಆಮ್ಯಾಲೆ ಹೊಳ್ಳಿಸು ಅಂತ ಈಕಿಗಿ ಕೈ ಮುಗಿಯೂದೊಂದು ಬಾಕಿ ಇತ್ತು. ಹೊಳ್ಳಿಸಲಿಲ್ಲ. ನನ್ನ ದವಾಖಾನಿಗಿ ಕಳಸ್ರಿ."

"ಏಮಂಟುಂದಿ ಸಿಸ್ಟರ್?" ಏನಂತಾಳೆ ಅಂತ ಮೇಡಂ ನನ್ನನ್ನು ಕೇಳಿದಳು.

ಕಲ್ಯಾಣಪ್ಪ ಕೆಮ್ಮಿದ. ನನ್ನ ಕಣ್ಣ ಮುಂದೆ ಪೊಲೀಸ್ ಸ್ಟೇಷನ್ನು ಬಂತು, ಗಂಡನ ಮುಖ ಬಂತು.

"ಅಂತಾ ಬಾಗುಂದಂಟ ಮೇಡಂ." ಎಲ್ಲಾ ಚೆನ್ನಾಗಿದೆಯಂತೆ.

ಮೇಡಂ ನಕ್ಕಳು. ಚಾರ್ಟ್ ತಿರುವಿ ಹಾಕಿ, ಹಾಸಿಗೆ ಹುಣ್ಣು ಇಲ್ಲ ಅನ್ನುವಲ್ಲಿ ಟಿಕ್ ಹಾಕಿದಳು. "ಅವರ ಭಾಷೆಯಲ್ಲೇ ಮಾತಾಡಿಸ್ತೀಯ, ಬಹಳ ಒಳ್ಳೇದು. ಎಲ್ಲಾ ಕಡೆ ನಿನ್ನಂಥ ಸಿಸ್ಟರ್ ಇರಬೇಕು," ಅಂತ ತೆಲುಗಿನಲ್ಲಿ ಹೊಗಳಿ ನನ್ನ ಭುಜ ತಟ್ಟಿದಳು. ಯಾರಾದರೂ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು.

ಆಗ ಮುದುಕಿ ಅಂದಳು. "ತೆಲುಗು ಮಾತು ಹೋಗ್ಯಾವ ನಂದು. ಕಿವಿ ಹೋಗಿಲ್ಲವಾ. ನೀ ಹೇಳಿದ್ದು ತಿಳೀತು."

ಬೈಯಲಿಲ್ಲ. ಅಷ್ಟು ಹೇಳಿ ಕಣ್ಣು ಮುಚ್ಚಿಕೊಂಡಳು. ಮೇಡಂ ಮುಂದಿನ ಹಾಸಿಗೆಗೆ ಎರಡು ಹೆಜ್ಜೆ ಹಾಕಿಬಿಟ್ಟಿದ್ದಳು.

"ಅಮ್ಮಾರ, ಮುಟ್ತೀನ್ರಿ," ಅಂದೆ.

ಗ್ಲೌಸ್ ಹಾಕಿಕೊಳ್ಳಲಿಲ್ಲ. ಒಂದು ಕೈ ಹೆಗಲ ಕೆಳಗೆ, ಒಂದು ಕೈ ಟೊಂಕದ ಕೆಳಗೆ ಕೊಟ್ಟು ಗೋಡೆಯ ಕಡೆಗೆ ಹೊಳ್ಳಿಸಿದೆ. ಬ್ಯಾಂಡೇಜು ಕಿತ್ತೆ. ಊದಿನಕಡ್ಡಿ, ಫಿನೈಲು ಎಲ್ಲವನ್ನೂ ಮೀರಿ ಆ ವಾಸನೆ ಕೋಣೆ ತುಂಬಿತು. ಮೇಡಂ ಸೆರಗನ್ನು ಮೂಗಿಗೆ ಒತ್ತಿಕೊಂಡು ನಿಂತುಬಿಟ್ಟಳು.

"ಈಕಿ ಸಿಸ್ಟರ್ ಅಲ್ರಿ ಮೇಡಂ! ಆಯಾ! ತಲಿ ಕೆಟ್ಟದ ಈಕಿಗಿ!" ಗಾಬರಿಗೆ ಕಲ್ಯಾಣಪ್ಪ ಕನ್ನಡದಲ್ಲೇ ಒದರಿ, ಮತ್ತೆ ತೆಲುಗಿನಲ್ಲಿ ಒದರಿದ.

"ಹಾಗಾದರೆ ಸಿಸ್ಟರ್ ಎಲ್ಲಿ?" ಮೇಡಂ ಕೇಳಿದಳು.

ಅವನು ಗೋಡೆಯ ಮೇಲಿನ ಝೆರಾಕ್ಸ್ ಕಡೆ ಕೈ ಮಾಡಿದ. ನನಗೆ ಅಂಥ ಹೊತ್ತಿನಲ್ಲೂ ನಗು ಬಂತು, ನೋಡಿ.

"ನಾನೇ ಮಾಡೀನ್ರಿ ಮೇಡಂ," ಅಂತ ತೆಲುಗಿನಲ್ಲಿ ಹೇಳಿದೆ. "ಸಿಟ್ಟಿಗೆ ಬಿಟ್ಟೆ. ಮೂರನೇ ದಿನ ಬೇಕಂತಲೇ ಬಿಟ್ಟೆ. ನನ್ನ ಹೆಸರು ಬರೀರಿ. ಇಪ್ಪತ್ತೆರಡು ಮಂದಿಗೆ ಒಬ್ಬಾಕಿನ್ನ ಬಿಟ್ಟವರ ಹೆಸರೂ ಬರೀರಿ. ಈಕಿನ್ನ ಇವತ್ತೇ ದವಾಖಾನಿಗೆ ಕಳಸ್ರಿ."

ಮೇಡಂ ಹುಣ್ಣು ನೋಡಲಿಲ್ಲ, ಹಾಳೆ ನೋಡಿದಳು. ಅದರಲ್ಲಿ ಟಿಕ್ ಬಿದ್ದಾಗಿತ್ತು. ಆಫೀಸಿನಲ್ಲಿ ಕೂತು ಮಾತಾಡೋಣ ಅಂದಳು. ಮೊದಲು ಅವಳನ್ನು ಮಲಗಿಸು ಅಂದಳು.

"ಹಾಳಿ ಆಮ್ಯಾಲೆ. ಮೊದ್ಲು ಇದನ್ನ ನೋಡ್ರಿ. ನೀವು ನೋಡೂತನಕ ಕೆಳಗ ಬಿಡೂದಿಲ್ಲ ನಾ."

"ಬಿಡ ರಂಡೀ, ಬಿಡ!" ಕಲ್ಯಾಣಪ್ಪ ಹಿಂದಿನಿಂದ ಬಂದ. ನಾನು ಮಂಚಕ್ಕೆ ಮೊಣಕಾಲು ಒತ್ತಿ ಮುದುಕಿಯನ್ನು ಇನ್ನೂ ಗಟ್ಟಿ ಹಿಡಿದೆ. ಒಬ್ಬಳೇ ಹಿಡಿದು ನಿಲ್ಲುವಷ್ಟು ಹಗುರ ಮೈಯಲ್ಲ ಅದು. ಗಿರಿಜಾಬಾಯಿಯ ಎಡಗೈ ತಡವರಿಸಿ ತಡವರಿಸಿ ನನ್ನ ಕೋಟಿನ ಚುಂಗು ಹಿಡಿಯಿತು. ಕಲ್ಯಾಣಪ್ಪ ನನ್ನ ಜಡೆಗೆ ಕೈ ಹಾಕಿ ಜಗ್ಗಿದ. ನಾನು ಬಿಡಲಿಲ್ಲ.