ಪೈಪಿನ ಬಾಯಿ

ಒಂದು ಹಂಗಾಮಿನ ಭತ್ತ ಹೋಗಿತ್ತು. ಅಜ್ಜ ಹಾಕಿದ ಬದು ಹೋಗಿತ್ತು, ಬದುವಿನ ಮೇಲಿನ ಎರಡು ಬೇವಿನ ಮರಗಳೂ ಹೋಗಿದ್ದವು. ಇಷ್ಟೆಲ್ಲ ತೆತ್ತು ಪಡೆದದ್ದೇನು? ಹಳ್ಳದ ದಂಡೆಯಲ್ಲಿ ಕೂತ ಇಬ್ರಾಹಿಂಸಾಬ ಪೈಪಿನ ಬಾಯನ್ನೇ ದಿಟ್ಟಿಸುತ್ತಿದ್ದ. ಹಗಲು ರಾತ್ರಿ ನೀರು ಅದರಿಂದ ಹಳ್ಳಕ್ಕೆ ಸುರಿಯುತ್ತಲೇ ಇತ್ತು.

ಗಂಗಾವತಿ ಕಡೆಯ ಕಾಲುವೆಯಂಚಿನ ಆ ಇನ್ನೂರು ಎಕರೆ ಮೂವತ್ತು ವರ್ಷ ನೀರುಂಡು ನೀರುಂಡು ಸವಳಾಗಿತ್ತು. ಬೇಸಿಗೆಯಲ್ಲಿ ಸುಣ್ಣ ಬಳಿದ ಹಾಗೆ ಉಪ್ಪು ಮೇಲೇಳುತ್ತಿತ್ತು. ನೆಲದಡಿ ತೂತಿನ ಪೈಪು ಹೂಳಿದರೆ ಉಪ್ಪು ಬಸಿದುಹೋಗುತ್ತದೆ, ಆದರೆ ಒಬ್ಬರ ಹೊಲವೂ ಬಿಡುವಂತಿಲ್ಲ ಎಂದಿದ್ದರು ಇಲಾಖೆಯವರು. ಎಲ್ಲರಿಗಿಂತ ಕೊನೆಗೆ ಒಪ್ಪಿಗೆಯ ಸಹಿ ಹಾಕಿದವನು ಇಬ್ರಾಹಿಂಸಾಬ; ಪೈಪಿಗಾಗಿ ಅಗೆದಾಗಲೇ ಅವನ ಬೆಳೆ, ಬದು, ಮರ ಹೋಗಿದ್ದವು.

"ಕಾಲುವಿ ನೀರಿಗೆ ತಲಿ ಒಡಕೊಂಡು ಬಡದಾಡ್ತೀವಿ. ಇಲ್ಲಿ ನೋಡು, ಪುಕ್ಕಟ ಹರಿಸ್ಯಾರ. ಕೆಳಗ ಯಾವನದೋ ಮೀನಿನ ಹೊಂಡ ತುಂಬಾಕತ್ತೈತಿ," ಎಂದ, ಬುತ್ತಿ ತಂದ ಹೆಂಡತಿ ಮೈಮುನಬಿಗೆ.

"ನಿಮಗ ನಿಮ್ಮ ನೆರಳಿನ ಮ್ಯಾಲೂ ಗುಮಾನಿ. ಮೊದಲು ರೊಟ್ಟಿ ತಿನ್ರಿ."

ಮರುದಿನ ಮುಂಜಾನೆ ಯಾರೂ ಇಲ್ಲದ್ದು ನೋಡಿ, ಚೀಲವೊಂದಕ್ಕೆ ಮಣ್ಣು ತುಂಬಿ ಪೈಪಿನ ಬಾಯಿಗೆ ಜಡಿದ. ಅವರ ಮನೆಯ ಚೀಲಗಳಿಗೆಲ್ಲ ಮೈಮುನಬಿಯದೇ ಕೆಂಪು ದಾರದ ಹೊಲಿಗೆ, ಗಿರಣಿಯಲ್ಲಿ ಅದಲುಬದಲಾಗದಿರಲಿ ಎಂದು. ನೀರು ನಿಂತಿತು. ಅವತ್ತು ಅವನಿಗೆ ಒಳ್ಳೆ ನಿದ್ದೆ ಬಂತು.

ಹದಿನೈದು ದಿನಕ್ಕೆ ಪಕ್ಕದ ಹೊಲದ ದುರಗಮ್ಮ ಬಂದಳು. ಅವಳದು ಪೈಪಿನ ಬಾಯಿಗೆ ಹತ್ತಿರದ ತಗ್ಗು ಹೊಲ, ಒಂದೇ ಎಕರೆ. ಸವಳಿನಿಂದ ಬೀಳುಬಿಟ್ಟ ಹನ್ನೊಂದು ವರ್ಷದ ಮೇಲೆ ಈಗಷ್ಟೇ ಭತ್ತ ನಾಟಿ ಮಾಡಿದ್ದಳು.

"ಮಾಮಾ, ಸಸಿ ತುದಿ ಸುಟ್ಟಾವು. ಬದುವಿನ ಮ್ಯಾಲ ಮತ್ತ ಬಿಳುಪು ಎದ್ದೈತಿ. ಪೈಪಿನ್ಯಾಗ ಏನರ ಸಿಕ್ಕೊಂಡೈತೇನ್ರಿ?"

"ಇಲಿ ಹೊಕ್ಕಿರಬೇಕು."

"ಅಷ್ಟು ದೊಡ್ಡ ಇಲಿ ನಮ್ಮೂರಾಗ ಐತೇನ್ರಿ?" ಅವಳು ನಗಲಿಲ್ಲ.

ಅವಳು ಹೋದ ಮೇಲೆ ಒಬ್ಬನೇ ಹಳ್ಳಕ್ಕಿಳಿದ. ಚೀಲದ ಸಂದಿಯಿಂದ ಜಿನುಗುತ್ತಿದ್ದ ನೀರನ್ನು ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡ. ಥೂ ಎಂದು ಉಗುಳಿದ. ಉಪ್ಪಿನಕಾಯಿ ಭರಣಿ ತೊಳೆದ ನೀರಿನ ಹಾಗಿತ್ತು. ಇದನ್ನು ಯಾವ ಮೀನು ಕುಡಿದೀತು? ಎರಡೂ ಕೈಯಿಂದ ಚೀಲ ಕಿತ್ತ. ನುಗ್ಗಿದ ನೀರಿಗೆ ಅದು ಕೈಜಾರಿ ಹಳ್ಳದ ಪಾಲಾಯಿತು. ಹೋದದ್ದೇ ಛಲೋ ಆತು ಅಂದುಕೊಂಡ.

ಸುಗ್ಗಿಯಲ್ಲಿ ಅವನ ಮೂರು ಎಕರೆಗೆ ಎಪ್ಪತ್ತೆರಡು ಚೀಲ ಭತ್ತ ಬಂತು. ಸುಟ್ಟ ಸಸಿ ಚೇತರಿಸದೆ, ದುರಗಮ್ಮನ ಒಂದೆಕರೆಯ ಅರ್ಧ ಭಾಗದಲ್ಲಿ ಕುಡುಗೋಲಿಗೆ ಕೆಲಸವೇ ಇರಲಿಲ್ಲ. ಎಂಟು ಚೀಲ ಹೇರಿಸಿಕೊಂಡು ಇಬ್ರಾಹಿಂಸಾಬ ಅವಳ ಮನೆಮುಂದೆ ಬಂಡಿ ನಿಲ್ಲಿಸಿದ.

"ಇದ್ಯಾಕ್ರಿ?"

"ಬಾಜೂ ಹೊಲದವ್ರು ಅಂದಮ್ಯಾಲ..." ಎನ್ನುತ್ತ ಬಂಡಿಯ ಹಗ್ಗ ಬಿಚ್ಚತೊಡಗಿದ.

ಅವಳು ಅವನ ಮುಖವನ್ನೇ ನೋಡಿದಳು. "ಪಡಸಾಲ್ಯಾಗ ಇಳಸ್ರಿ," ಎಂದಳು.

ನಾಲ್ಕು ದಿನ ಬಿಟ್ಟು ಖಾಲಿ ಚೀಲಗಳನ್ನು ಮಡಿಚಿ ತಂದು ಕಟ್ಟೆಯ ಮೇಲಿಟ್ಟಳು. "ಸಾಬ್ರ, ನಿಮ್ಮ ಚೀಲ," ಎಂದಷ್ಟೇ ಹೇಳಿ ಹೋದಳು.

ಮೈಮುನಬಿ ಎಣಿಸಿದಳು. "ಎಂಟು ಕೊಟ್ಟಿದ್ವಿ. ಒಂಬತ್ತು ಅದಾವಲ್ರಿ?"

ಎಲ್ಲಕ್ಕಿಂತ ಕೆಳಗಿನದು ಹಳ್ಳದ ಕೆಸರು ಒಣಗಿ ಸೆಟೆದಿತ್ತು. ಕೆಂಪು ದಾರದ ಹೊಲಿಗೆಯ ಉದ್ದಕ್ಕೂ ಉಪ್ಪು ಬೆಳ್ಳಗೆ ಕೂತಿತ್ತು.

ಇಬ್ರಾಹಿಂಸಾಬನಿಗೆ ಮೂರು ಎಕರೆ ಹೊಲ ತಿರುಗಿ ಸಿಕ್ಕಿತು. ದುರಗಮ್ಮ ಮಾತ್ರ ಆಮೇಲೆ ಅವನನ್ನು ಮಾಮಾ ಎಂದು ಕರೆಯಲಿಲ್ಲ.