ಮೇಲೆ ಕೂತವಳು

ಬಕೆಟ್ಟಿನಲ್ಲಿ ನೆನೆದ ಬೆತ್ತಕ್ಕೆ ಹಸಿ ಹುಲ್ಲಿನ ವಾಸನೆ, ಅಲ್ಲ, ಹುಲ್ಲಲ್ಲ, ಒದ್ದೆ ರಟ್ಟಿನದು, ಅಯ್ಯೋ ಯಾವುದಾದರೇನು, ಕೈಯಂತೂ ತಣ್ಣಗಾಯಿತು, ಇವತ್ತು ಅವಳು ಮೇಲೆ ಕೂರಬೇಕು, ಇಷ್ಟು ದಿನ ಕೆಳಗೆ ಮಲಗಿದವಳು ಮೇಲೆ — ಎರಡು ಮೇಜುಗಳಿಗೆ ಅಡ್ಡವಾಗಿ ಇಟ್ಟ ಉದ್ದ ಬೆತ್ತದ ಬೆಂಚು, ಯಾವುದೋ ಕಚೇರಿಯ ಜನ ಕೂತು ಕೂತು ಹರಿದದ್ದು, ಒಬ್ಬರ ಕೈ ಮೇಲಕ್ಕೂ ಕೆಳಕ್ಕೂ ಎಟುಕದಷ್ಟು ಅಗಲ, ಅದಕ್ಕೇ ಹೆಣೆಯಲು ಇಬ್ಬರು, ಮೇಲಿನವರು ತೂತಿನಲ್ಲಿ ಬೆತ್ತದ ಎಳೆ ಇಳಿಸಿ ಇದ್ದೀಯಾ ಅನ್ನಬೇಕು, ಕೆಳಗೆ ಅಂಗಾತ ಮಲಗಿದವರು ಇದ್ದೀನಿ ಅಂದು ಎಳೆಯಬೇಕು, ಹೇಳದೆ ಎಳೆದರೆ ಮೇಲಿನವರ ಬೆರಳು ಕುಯ್ದುಹೋಗುತ್ತದೆ, ಅಷ್ಟೇ ವಿಷಯ, ಅದರಲ್ಲೇನೂ ವೇದಾಂತ ಇಲ್ಲ ಕಣೇ ಎಂದು ಅವಳು ಬಂದ ದಿನವೇ ದೊಡ್ಡಮ್ಮ ಹೇಳಿಬಿಟ್ಟಿದ್ದರು. ದೊಡ್ಡಮ್ಮ ಯಾರ ದೊಡ್ಡಮ್ಮನೂ ಅಲ್ಲ, ಈ ಶೆಡ್ಡಿನ ಯಜಮಾನಿ, ತಾವೂ ಒಂದು ಕಾಲಕ್ಕೆ ತಲೆ ಕೆಟ್ಟು ಮೂಲೆ ಹಿಡಿದವರು, ತಾವೇ ಹೇಳಿಕೊಂಡು ನಗುತ್ತಾರೆ, ಇಲ್ಲಿರೋರೆಲ್ಲ ಒಂದೇ ಡಾಕ್ಟರ ಗಿರಾಕಿಗಳು, ಮಾತ್ರೆ ನುಂಗಿದ್ರಾ, ಸರಿ, ಕೆಲಸ ಹಿಡೀರಿ. ನುಂಗಿದ್ದಾಳೆ, ತಿಂಡಿಯಾದ ಮೇಲೆ, ಅಕ್ಕನ ಎದುರಿಗೇ.

ಒಮ್ಮೆ ಕೆಳಗಿದ್ದಾಗ, ಇದ್ದೀಯಾ ಅಂದದ್ದಕ್ಕೆ ಬಾಯಿ ತಾನಾಗಿ ಇಲ್ಲ ಅಂದುಬಿಟ್ಟಿತ್ತು, ಸುಳ್ಳೇನಲ್ಲ, ತಿಂಗಳುಗಟ್ಟಲೆ ಅವಳು ಎಲ್ಲೂ ಇರಲಿಲ್ಲ, ಇರುವುದೇ ಬೇಡವಾಗಿತ್ತು, ಅದಕ್ಕೆ ಮೇಲಿನಿಂದ ದೊಡ್ಡಮ್ಮ, ಇಲ್ವಾ, ಹಾಗಾದ್ರೆ ಈಗ ಮಾತಾಡಿದ್ದು ಯಾರಮ್ಮ, ಅವರನ್ನೇ ಕೇಳು, ಸ್ವಲ್ಪ ಎಳೀತಾರಾ ಅಂತ — ಎಲ್ಲರೂ ಬಿದ್ದು ಬಿದ್ದು ನಕ್ಕರು, ಕಣ್ಣೀರು ಕಿವಿಯೊಳಕ್ಕೆ ಇಳಿಯುತ್ತಿದ್ದರೂ ಅವಳಿಗೂ ನಗು ಬಂತು, ಎಳೆದಳು. ಆಮೇಲಾಮೇಲೆ ಶೆಡ್ಡಿನಲ್ಲಿ ಅದೇ ರೂಢಿಯಾಯಿತು, ಮನಸ್ಸು ಸರಿಯಿಲ್ಲದವರು ಇಲ್ಲ ಅನ್ನುತ್ತಾರೆ, ಇಲ್ಲ ಅಂದವರಿಗೆ ಮೊದಲು ಚಹಾ, ಆಮೇಲೆ ಕೆಲಸ.

ಈ ಹೊಸ ಹುಡುಗಿ ಇಲ್ಲ ಅಂತಲೂ ಅನ್ನುವುದಿಲ್ಲ. ಬೆಳಿಗ್ಗೆ ಅಪ್ಪ ಕರೆತಂದು ಬಾಗಿಲಲ್ಲೇ ನಿಂತು, ಮೊದಲು ಪಟಪಟ ಅಂತ ಮಾತಾಡ್ತಿದ್ಲು, ಈಗ ಬಾಯೇ ಬಿಡಲ್ಲ, ಎಂದು ಕನ್ನಡಕ ಒರೆಸಿಕೊಳ್ಳುತ್ತಾ ಹೊರಟುಹೋದರು, ದೊಡ್ಡಮ್ಮ ಬೆತ್ತ ನೆನೆಸುತ್ತಿದ್ದ ಇವಳ ಕಡೆ ತಿರುಗಿ, ನೀನು ಮೇಲೆ ಕೂತ್ಕೋ, ಅವಳು ಕೆಳಗಿರ್ಲಿ, ನಾನಾ ದೊಡ್ಡಮ್ಮ, ಇನ್ಯಾರು, ನಿಮ್ಮಕ್ಕನ್ನ ಕರೆಸ್ಲಾ. ಎಳೆ ಇಳಿಸಿದಳು, ಇದ್ದೀಯಾ, ಸದ್ದಿಲ್ಲ, ಇದ್ದೀಯಾ ಮರೀ, ಉಸಿರಿನ ಸದ್ದೂ ಇಲ್ಲ, ಹೊರಗೆ ಯಾವುದೋ ಲಾರಿ ಹಿಂದಕ್ಕೆ ಬರುತ್ತಾ ಕುಯ್ ಕುಯ್ ಅನ್ನುತ್ತಿದೆ, ಬಾಯಿ ಒಣಗಿತು, ಈ ಮಾತು ಇದೇ ಧಾಟಿಯಲ್ಲಿ ಎಲ್ಲಿ ಕೇಳಿದ್ದೆ — ಬಚ್ಚಲಿನ ಬಾಗಿಲಾಚೆ ನಿಂತ ಅಕ್ಕ, ಇದ್ದೀಯೇನೇ, ಒಂದು ಮಾತಾಡೇ ನನ್ನ ತಾಯಿ, ಬೇಕಾದ್ರೆ ಬೈದುಬಿಡು, ಮತ್ತೆ ತಾನು ಒಳಗೆ ತಣ್ಣನೆಯ ನೆಲದ ಮೇಲೆ ಬಾಗಿಲಿಗೆ ಬೆನ್ನು ಕೊಟ್ಟು, ಎಷ್ಟು ಪ್ರಾಣ ತಿಂತಾಳಪ್ಪ ಅಂದುಕೊಂಡು, ಬೇಕೆಂತಲೇ ಬಾಯಿ ಬಿಗಿಹಿಡಿದು, ಆಚೆ ನಿಂತವಳ ಬಾಯಿಯೂ ಹೀಗೇ ಒಣಗಿದ್ದೀತು ಎಂದು ಒಂದು ದಿನವಾದರೂ ಅನ್ನಿಸಿತೇ, ಅಕ್ಕಾ, ಹೀಗೇ ಆಗ್ತಿತ್ತಾ ನಿಂಗೆ, ದಿನಾ, ಆಫೀಸಿಗೆ ಹೊತ್ತಾಗುತ್ತಿದ್ದರೂ, ಹೀಗೇ? ನನ್ನ ಕೈಲಾಗಲ್ಲ ಅಂದುಬಿಡಲೇ, ಎದ್ದು ಹೋಗಿ ಹೊದಿಕೆ ಎಳೆದುಕೊಂಡುಬಿಡಲೇ — ಹೋದರೆ ನಾಳೆ ಬರುವುದಿಲ್ಲ, ನಾಡಿದ್ದೂ ಇಲ್ಲ, ತನ್ನ ಹಣೆಬರಹ ತನಗೆ ಗೊತ್ತಿಲ್ಲವೇ, ಮತ್ತೆ ಅದೇ ಬಚ್ಚಲು, ಅದೇ ಅಕ್ಕ. ದೊಡ್ಡಮ್ಮ ಆಚೆ ಮೂಲೆಯಲ್ಲಿ ಬೇಕೆಂದೇ ಬೆನ್ನು ಹಾಕಿ ಕೂತಿದ್ದಾರೆ, ಕಿವಿಯೆಲ್ಲ ಇತ್ತಲೇ ಇದೆ.

ಬಗ್ಗಿ ತೂತಿಗೆ ಕಣ್ಣಿಟ್ಟಳು, ಕತ್ತಲು, ಕತ್ತಲಲ್ಲಿ ಒಂದು ಬೆರಳು, ಉಗುರಿನ ಮೇಲೆ ಅರ್ಧ ಉದುರಿದ ಕೆಂಪು ಬಣ್ಣ, ಎಳೆಯ ಹತ್ತಿರ ಬಂತು, ಮುಟ್ಟಲಿಲ್ಲ, ಹೋಯಿತು — ಎಂದೋ ಒಂದು ದಿನ ಈ ಹುಡುಗಿ ಕಿಟಕಿಯ ಬೆಳಕಿಗೆ ಕೂತು ಹಚ್ಚಿಕೊಂಡಿದ್ದಾಳೆ, ಉಫ್ ಉಫ್ ಎಂದು ಊದಿ ಒಣಗಿಸಿಕೊಂಡಿದ್ದಾಳೆ, ಆಮೇಲೆ ಏನಾಯಿತೋ, ಉದುರಲು ಬಿಟ್ಟಿದ್ದಾಳೆ, ಪಾಪ, ಕೂಸು, ಮತ್ತೆ ಬಂತು ಉಗುರು, ಕೇಳು, ಕೇಳೇ ಬೇಗ, ಬಾಯಿ ತೆರೆದಳು, ಕೆಳಗೆ ಮಲಗಿ ಮಲಗಿ ಅಭ್ಯಾಸವಾದ ಬಾಯಿ, ಇದ್ದೀನಿ ಅಂದುಬಿಟ್ಟಿತು. ತಪ್ಪು, ಮೇಲಿನವರು ಹಾಗನ್ನಬಾರದು, ಕೇಳಬೇಕಾದವಳೇ — ಆದರೂ ನಿಜ, ಇದ್ದಾಳಲ್ಲ, ಬೆಂಚಿನ ಮೇಲೆ, ಒದ್ದೆ ಕೈ ಹಿಡಿದುಕೊಂಡು ಇದ್ದಾಳಲ್ಲ, ಇದ್ದೀನಿ ಮರೀ, ಅವಸರವಿಲ್ಲ, ಇಲ್ಲೇ ಇದ್ದೀನಿ, ಲಾರಿಯ ಸದ್ದು ನಿಂತಿದೆ, ದೊಡ್ಡಮ್ಮನ ಕೈಯೂ ನಿಂತಿದೆ, ಎಳೆ ಅಲುಗಿತೇ, ಇಲ್ಲ, ಹೂಂ, ಅಲುಗಿತು, ತೂತಿನಲ್ಲಿ ಉಗುರು, ಎಳೆಯ ಮೇಲೆ, ಅರ್ಧ ಕೆಂಪು, ಒತ್ತಿ ಹಿಡಿದು ಬೆಳ್ಳಗಾದ ತುದಿ, ಹಿಡಿದಳು, ಹುಡುಗಿ ಎಳೆ ಹಿಡಿದಳು —