ಮೀನುಗಳ ಬಾಯಾರಿಕೆ

"ನಿಮ್ಮ ಮಂಡಿಗೆ ಆ ಮೆಟ್ಟಿಲು ಇಳಿಯೋಕಾಗುತ್ತಾ? ಆಮೇಲೆ ಎತ್ತೋಕೆ ಕ್ರೇನ್ ತರಿಸ್ಬೇಕು," ಎಂದು ಮುನೀರಾ ಗಂಡನನ್ನು ಕೆಣಕಿದರು.

"ರೋಮನ್ನರು ಇಳೀತಿದ್ರಂತೆ, ಸ್ಫಾಕ್ಸ್ ಪಟ್ಟಣದವನಿಗೇನು ಧಾಡಿ?" ಎಂದರು ಫೌಜಿ.

ಅವರನ್ನು ಸುತ್ತಾಡಿಸಲು ಬಂದಿದ್ದ ನಾನೂ ನಕ್ಕೆ. ನಮ್ಮೂರಿನ ಪಕ್ಕದ ಈ ಪಾಳು ಪಟ್ಟಣದಲ್ಲಿ ರೋಮನ್ನರು ಬಿಸಿಲಿಗೆ ಹೆದರಿ ನೆಲದಡಿ ಮನೆ ಕಟ್ಟಿಕೊಂಡಿದ್ದರು. ಅಲ್ಲಿನ ನೆಲದ ತುಂಬ ಹರಳುಕಲ್ಲು ಜೋಡಿಸಿ ಮಾಡಿದ ಮೀನಿನ ಚಿತ್ರಗಳು. ಧೂಳಿನಲ್ಲಿ ಮಂಕಾಗಿರುತ್ತವೆ, ನೀರು ಚೆಲ್ಲಿದರೆ ಬಣ್ಣ ಏಳುತ್ತದೆ. ಅದಕ್ಕೇ ಇಲ್ಲಿ ಸುತ್ತಾಡಿಸುವವರೆಲ್ಲ ಬಾಟಲಿ ಹಿಡಿದೇ ಬರುವುದು.

"ಇವತ್ತು ನಲ್ಲೀಲಿ ನೀರಿಲ್ಲ. ಪಾಪ, ಮೀನುಗಳು ಬಾಯಾರಿ ಸಾಯ್ತಾ ಇರ್ತವೆ," ಎಂದು ನನ್ನ ಮಾಮೂಲಿ ಮಾತನ್ನೇ ತಿರುಗಿಸಿ ಹೇಳಿದೆ. ಪಕ್ಕದಲ್ಲಿದ್ದ ಮಗಳು ಇನಾಸ್ ನಗಲಿಲ್ಲ. ಅವಳಿಗಿನ್ನೂ ಐದು ವರ್ಷ. ನೋಡಿಕೊಳ್ಳುವ ಅಜ್ಜಿಗೆ ಜ್ವರವೆಂದು ಕೆಲಸಕ್ಕೇ ಕರೆತಂದಿದ್ದೆ. ಖಾಲಿ ಬಾಟಲಿಯನ್ನು ಅವಳ ಕೈಗಿತ್ತು, ಅಂಜೂರದ ನೆರಳಲ್ಲಿ ಕುರಿ ಕಾಯುತ್ತಿದ್ದ ಲಝರ್ ಚಿಕ್ಕಪ್ಪನ ಬಳಿ ಕೂರಿಸಿ, ಅತಿಥಿಗಳನ್ನು ಮೊದಲು ಅಲ್ಲಿನ ಪಾಳು ರಂಗಮಂದಿರಕ್ಕೆ ಕರೆದೊಯ್ದೆ.

ಮರಳಿ ಬಂದಾಗ ನೆರಳಲ್ಲಿ ಚಿಕ್ಕಪ್ಪನೊಬ್ಬನೇ ಇದ್ದ.

"ಇನಾಸ್ ಎಲ್ಲಿ?"

"ನಿನ್ನ ಹಿಂದೇನೇ ಓಡಿದ್ಲಲ್ಲೇ ಹಯಾತ್!"

ನೆಲದಡಿಯ ಮನೆಗೆ ಇಳಿದೆ. ಯಾರೂ ಇಲ್ಲ. ಆದರೆ ಒಂದು ಮೀನಿನ ತಲೆ ಮಾತ್ರ ಒದ್ದೆಯಾಗಿ ಕೆಂಪಗೆ ಹೊಳೆಯುತ್ತಿತ್ತು.

"ಸದ್ಯ! ಇಲ್ಲಿಗೆ ಬಂದಿದ್ದಾಳೆ," ಎಂದರು ಮುನೀರಾ.

ಆದರೆ ಆ ನೀರು ಎಲ್ಲಿಂದ ಬಂತು? ಬಾಟಲಿ ಖಾಲಿಯಿತ್ತು, ನಲ್ಲಿ ಒಣಗಿತ್ತು. ನೀರಿದ್ದದ್ದು ಒಂದೇ ಕಡೆ: ರೋಮನ್ನರ ಹಳೆಯ ತೊಟ್ಟಿಬಾವಿಯಲ್ಲಿ. ಚಿಕ್ಕಪ್ಪ ಕುರಿಗಳಿಗೆ ಅಲ್ಲಿಂದಲೇ ಸೇದುತ್ತಿದ್ದ. ಪಕ್ಕದ ಕಲ್ಲುಬಾನಿಯಲ್ಲಿ ಕುರಿ ಕುಡಿದು ಬಿಟ್ಟ ನೀರು ಒಂದು ಮೀನಿನ ತಲೆಗಷ್ಟೇ ಸಾಕಾಗಿರಬೇಕು. ಉಳಿದ ಮೀನುಗಳಿಗೆ?

ಓಡಿದೆ. ಚಪ್ಪಲಿ ಎಲ್ಲಿ ಕಳಚಿತೋ ತಿಳಿಯದು. ಬಾವಿಯ ಬಾಯಿಗೆ ಮುಚ್ಚುವ ಮುಳ್ಳುಕೊಂಬೆ ಪಕ್ಕಕ್ಕೆ ಸರಿದಿತ್ತು. ಅದಕ್ಕೆ ಹಳದಿ ಬಟ್ಟೆಯ ಚೂರು ಸಿಕ್ಕಿಕೊಂಡಿತ್ತು. ಅವಳ ಫ್ರಾಕಿನದು.

ಇನ್ನೆರಡು ಹೆಜ್ಜೆ ಹೋದಾಗ ಕಂಡಳು. ಅಂಚಿನಲ್ಲಿ ಬೋರಲು ಮಲಗಿದ್ದಳು. ಸೊಂಟದವರೆಗೆ ಮೈ ಒಳಗೆ, ಬರಿಗಾಲು ಹೊರಗೆ. ಚಿಕ್ಕಪ್ಪ ನೀರು ಸೇದುವ ಹಗ್ಗಕ್ಕೆ ಬಾಟಲಿ ಕಟ್ಟಿ ಇಳಿಬಿಡುತ್ತಿದ್ದಳು.

ಹಿಂದಿನಿಂದ ಫೌಜಿ ಕೂಗಲು ಬಾಯಿ ತೆರೆದರು. ನಾನು ಕೈ ಅಡ್ಡ ಹಿಡಿದೆ. ಬೆಚ್ಚಿದರೆ ಮುಗಿಯಿತು. ದಿನವೂ ಅತಿಥಿಗಳಿಗೆ ಕಥೆ ಹೇಳುವ ದನಿಯನ್ನು ಹೇಗೋ ಎಳೆದುಕೊಂಡೆ.

"ಇನಾಸ್, ಮೀನುಗಳು ನಿನ್ನ ಕರೀತಿವೆ ಕಂದಾ. ಸಾಕಂತೆ, ಹೊಟ್ಟೆ ತುಂಬ್ತಂತೆ."

"ಸುಳ್ಳು! ಒಂದಕ್ಕೇ ಕೊಟ್ಟಿದ್ದು," ಎಂದಿತು ಬಾವಿಯೊಳಗಿನ ದನಿ. ಅವಳ ಹೊಟ್ಟೆಯ ಕೆಳಗಿನಿಂದ ಕಲ್ಲೊಂದು ಜಾರಿತು. ಬಹಳ ಹೊತ್ತಿನ ಮೇಲೆ ನೀರಿನ ಸದ್ದು ಕೇಳಿತು.

"ಹೌದಾ? ಯಾವುದಕ್ಕೆ ಕೊಟ್ಟೆ?" ಎನ್ನುತ್ತ ತೆವಳಿದೆ.

"ಮೀಸೆ ಇರೋದಕ್ಕೆ."

"ಮೀಸೆ ಇರೋದು ದುರಾಸೆಯದ್ದು," ಎನ್ನುತ್ತ ಅವಳ ಎರಡೂ ಕಾಲು ಹಿಡಿದೆ. ಹಿಡಿದದ್ದೇ ಎಳೆದುಬಿಟ್ಟೆ.

ಬಾಟಲಿ ಬಾವಿಗೆ ಬಿತ್ತೆಂದು ಅವಳು ಅತ್ತಳು. ನಾನು ಅವಳ ಕೆನ್ನೆಗೆ ಹೊಡೆದೆ, ಆಮೇಲೆ ಅವಳಿಗಿಂತ ಜೋರಾಗಿ ಅತ್ತೆ. ಮುನೀರಾ ನನ್ನ ಚಪ್ಪಲಿ ಹುಡುಕಿ ತಂದರು.

ಈಗಲೂ ಅದೇ ಮನೆಗೆ ಜನರನ್ನು ಇಳಿಸುತ್ತೇನೆ, ನೀರು ಚೆಲ್ಲುತ್ತೇನೆ. ಮೀನುಗಳಿಗೆ ಬಾಯಾರಿಕೆ ಎಂದು ಮಾತ್ರ ಹೇಳುವುದಿಲ್ಲ. ಧೂಳು ಕೂತಿದೆ ಎನ್ನುತ್ತೇನೆ.